ಒಂದು ಐವತ್ತೆಂಟು

ಡಿಸೆಂಬರ್ 2, ಮಂಗಳವಾರ

ಈ ವಾರವೂ ಪಿ.ಟಿ. ಪೀರಿಯಡ್ ಮ್ಯಾಥ್ಸ್‌ನವರ ಪಾಲು. ಕೇಳಿದ್ದಕ್ಕೆ ಹೆಚ್.ಎಂ. ಸುಕನ್ಯ ಮೇಡಂ, "ಹತ್ತನೇ ಕ್ಲಾಸು ಸರ್, ರಿಸಲ್ಟ್ ಬೇಕಲ್ವಾ?" ಅಂದರು. ಬೇಕು. ಇಪ್ಪತ್ತಾರು ವರ್ಷದಿಂದ ಬೇಕಾಗಿದೆ. ದೈಹಿಕ ಶಿಕ್ಷಣದ ಪ್ರಾಯೋಗಿಕ ಪರೀಕ್ಷೆ ಅಂದರೆ ನಾನು ಸ್ಟಾಫ್ ರೂಮಿನಲ್ಲಿ ಕೂತು ತುಂಬುವ ಒಂದು ಹಾಳೆ. ಓಟ, ಜಿಗಿತ, ಎಸೆತ... ಚಹಾ ಮುಗಿಯುವಷ್ಟರಲ್ಲಿ ನಲವತ್ತು ಮಕ್ಕಳು ಓಡಿ ಮುಗಿಸಿರುತ್ತಾರೆ.

ಈ ಸಲ ಹಾಗಲ್ಲವಂತೆ. ಫೆಬ್ರವರಿ ಆರಕ್ಕೆ ಹೊರಗಿನ ಪರೀಕ್ಷಕರು ಬರುತ್ತಾರೆ. ಅದಕ್ಕೆ ಮೊದಲು ಎಲ್ಲರನ್ನೂ ನಿಜವಾಗಿ ಓಡಿಸಬೇಕು, ಫೋಟೋ ತೆಗೆದು ಗ್ರೂಪಿಗೆ ಹಾಕಬೇಕು. ಗ್ರೌಂಡ್ ಎಲ್ಲಿದೆ ನಮಗೆ? ಬೈಕ್ ನಿಲ್ಲಿಸಲು ಜಾಗವಿಲ್ಲ. ಹಿಂದಿನ ಲೇಔಟ್ ರಸ್ತೆಯನ್ನೇ ಟೇಪ್ ಹಿಡಿದು ಅಳೆದೆ. ಎರಡು ಸುತ್ತಿಗೆ ಆರುನೂರು ಮೀಟರ್. ದಾರಿಯಲ್ಲಿ ಒಂದು ನೀರಿನ ಟ್ಯಾಂಕರ್, ಮೂರು ನಾಯಿ.

ಡಿಸೆಂಬರ್ 5, ಶುಕ್ರವಾರ

ಬೆಳಿಗ್ಗೆ ಎಂಟಕ್ಕೆ ಹುಡುಗಿಯರ ಆರುನೂರು ಮೀಟರ್. ಶಾಲೆಯ ಸ್ಟಾಪ್‌ವಾಚ್ ಕೆಟ್ಟು ಎರಡು ವರ್ಷ, ಮೊಬೈಲೇ ಗತಿ. ಅಷ್ಟರಲ್ಲಿ ಮೇಡಂ ಮೆಸೇಜು — ಫೋಟೋ ಕಳಿಸಿ ಅಂತ. ಸಾಲಾಗಿ ನಿಂತವರ ಫೋಟೋ ತೆಗೆದೆ. "ರೆಡಿ... ಗೋ" ಅಂದು ಮತ್ತೆ ಒತ್ತಿದೆ.

ಮೊದಲು ಬಂದವಳು ಅಯ್ಯಮ್ಮ. ಯಾದಗಿರಿ ಕಡೆಯವರು. ಅಪ್ಪ ಪೀರಪ್ಪ ಗಾರೆ ಕೆಲಸ, ತಾಯಿ ಜಟ್ಟೆಮ್ಮ ಹೊರಮಾವಿನ ಅಪಾರ್ಟ್‌ಮೆಂಟಿನಲ್ಲಿ ಮನೆಗೆಲಸ. ಹೆಸರು ಹಿಡಿದು ಕ್ಲಾಸೆಲ್ಲ ಇವಳನ್ನು ಅಜ್ಜಿ ಅಂತ ಆಡಿಕೊಳ್ಳುತ್ತದೆ. ಕೊನೆಯ ಬೆಂಚು, ಮಾತಿಲ್ಲ ಕತೆಯಿಲ್ಲ. ಉಳಿದವರು ತಿರುವಿನಲ್ಲಿ ಕಾಣಿಸುವ ಮೊದಲೇ ಬರಿಗಾಲಲ್ಲಿ ಬಂದು ನಿಂತಳು.

"ಎಷ್ಟ್ರಾಗ ಬಂದೆ ಸರ್?"

ಮೊಬೈಲ್ ನೋಡಿದೆ. ಕ್ಯಾಮೆರಾ! ವಾಚ್ ಒತ್ತಿಯೇ ಇಲ್ಲ. ಹುಡುಗಿಯರು ಓಟ ಕಿತ್ತ ಫೋಟೋ ಒಂದಿದೆ, ಅಷ್ಟೆ.

ಹೇಳಬಹುದಿತ್ತು. ತಪ್ಪಾಯ್ತಮ್ಮ, ನಾಳೆ ಇನ್ನೊಮ್ಮೆ ಓಡು ಅಂತ. ಅಷ್ಟರಲ್ಲಿ ಎಲ್ಲರೂ ಬಂದು ಮುತ್ತಿಕೊಂಡರು. ಮೊಬೈಲಿನಲ್ಲಿ ವಾಚ್ ಒತ್ತಲೂ ಬಾರದ ಪಿ.ಟಿ. ಸರ್ ಅನ್ನಿಸಿಕೊಳ್ಳಲು ಮನಸ್ಸಾಗಲಿಲ್ಲ.

"ಒಂದು ಐವತ್ತೆಂಟು" ಅಂದೆ. ಎಲ್ಲಿಂದ ಬಂತೋ ಆ ನಂಬರು. ಉಳಿದವರಿಗೂ ಬಾಯಿಗೆ ಬಂದದ್ದು ಹಂಚಿದೆ.

ಡಿಸೆಂಬರ್ 8, ಸೋಮವಾರ

ಪ್ರಾರ್ಥನೆಯಲ್ಲಿ ಮೇಡಂ ಅಯ್ಯಮ್ಮನನ್ನು ಮುಂದೆ ಕರೆದರು. "ಎರಡು ನಿಮಿಷದೊಳಗೆ ಆರುನೂರು ಮೀಟರ್!" ಇಡೀ ಶಾಲೆ ಚಪ್ಪಾಳೆ. ಯಾರೂ ಅಜ್ಜಿ ಅನ್ನಲಿಲ್ಲ. ಹುಡುಗಿ ಮೊದಲ ಸಲ ತಲೆ ಎತ್ತಿ ನಕ್ಕದ್ದು ಕಂಡೆ. ನಾನೂ ಚಪ್ಪಾಳೆ ತಟ್ಟಿದೆ. ಏನು ಮಾಡಲಿ, ಎಲ್ಲರೂ ತಟ್ಟುತ್ತಿದ್ದರು.

ಆಮೇಲೆ ಮೇಡಂ ರೂಮಿಗೆ ಕರೆಸಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ವಿಷಯ ಬೇರೆ. ಪರೀಕ್ಷೆಗೆ ಬರುವವರು ಇಂದಿರಾನಗರದ ಕಡೆಯ ಒಂದು ಪಿ.ಯು. ಕಾಲೇಜಿನ ಕ್ರೀಡಾ ಶಿಕ್ಷಕರು. ಅವರೆದುರು ಎರಡು ನಿಮಿಷದೊಳಗೆ ಓಡಿದರೆ ಅಯ್ಯಮ್ಮನಿಗೆ ಅಲ್ಲಿ ಫ್ರೀ ಸೀಟು. "ನಿಮ್ಮಿಂದ ಒಂದು ಮಗು ಉದ್ಧಾರ ಆಯ್ತು ಸರ್" ಅಂದರು.

ಥ್ಯಾಂಕ್ಸ್ ಮೇಡಂ ಅಂದು ಹೊರಗೆ ಬಂದೆ.

ಜನವರಿ 5, ಸೋಮವಾರ

ಅಯ್ಯಮ್ಮ ಸ್ಟಾಫ್ ರೂಮಿನ ಬಾಗಿಲಲ್ಲಿ. ಕೈಯಲ್ಲಿ ನೋಟ್‌ಬುಕ್ಕಿನ ಹಾಳೆ. ರಜೆಯಲ್ಲಿ ದಿನಾ ಬೆಳಿಗ್ಗೆ ಓಡಿದ್ದಾಳೆ, ಅಪ್ಪ ಮೊಬೈಲ್ ಹಿಡಿದು ನಿಂತಿದ್ದಾನೆ. 2.24. 2.26. 2.25. 2.24.

"ಒಂದು ಐವತ್ತೆಂಟು ಒಮ್ಮಿನೂ ಬರವಲ್ದು ಸರ್. ನಂಗ ಏನಾಗ್ಯಾದ?"

ಏನೂ ಆಗಿಲ್ಲ ಮಗು. ಆಗಿರುವುದು ನನಗೆ. ಇಷ್ಟು ಮನಸ್ಸಿನಲ್ಲಿ. ಬಾಯಲ್ಲಿ ಹೇಳಿದ್ದು — "ಚಳಿಗಾಲ ಅಲ್ವೇನಮ್ಮ, ಮೈ ಬಿಗಿ ಇರುತ್ತೆ. ಪ್ರಾಕ್ಟೀಸ್ ಬಿಡಬೇಡ."

ತಲೆಯಾಡಿಸಿ ಹೋದಳು. ನಂಬಿದಳು.

ಜನವರಿ 12, ಸೋಮವಾರ. ರಾತ್ರಿ ಊಟವಾದ ಮೇಲೆ

ಜಯದೇವಿಗೆ ಹೇಳಿದೆ. ಪಾತ್ರೆ ಒರೆಸುತ್ತಿದ್ದವಳು ಬಟ್ಟೆ ಕೆಳಗಿಟ್ಟಳು.

"ನಾಳೇನೇ ಹೇಳ್ಬಿಡ್ರೀ."

"ಪರೀಕ್ಷೆ ಹತ್ತಿರ ಬಂತು ಕಣೇ. ಮನಸ್ಸು ಮುರಿಯುತ್ತೆ."

"ಯಾರ್ದು? ಅವಳದಾ, ನಿಮ್ಮದಾ?"

ಇಪ್ಪತ್ತೆಂಟು ವರ್ಷ ಸಂಸಾರ ಮಾಡಿದವಳ ಮುಂದೆ ಯಾವ ನಾಟಕವೂ ನಡೆಯುವುದಿಲ್ಲ. ಎದ್ದು ಬಂದು ಇದನ್ನು ಬರೆಯುತ್ತಿದ್ದೇನೆ. ನಾಳೆ ಹೇಳುತ್ತೇನೆ.

ಜನವರಿ 19, ಸೋಮವಾರ

ಹೇಳಿಲ್ಲ.

ಸಂಜೆ ಗೇಟಿನ ಬಳಿ ಜಟ್ಟೆಮ್ಮ ಕಾಯುತ್ತಿದ್ದಳು. ಕೆಲಸದಿಂದ ನೇರ ಬಂದಿದ್ದಳು.

"ಸರ, ನನ್ನ ಮಗಳಿಗೆ ಯಾರದೋ ನೆದರ ಬಿದ್ದಾದ್ರಿ. ಸಾಲ್ಯಾಗ ಎಲ್ಲಾರೂ ಚಪ್ಪಾಳಿ ಹೊಡದ್ರಲ್ಲ, ಅವತ್ತಿನಿಂದ್ಲೇ ಕಾಲು ಹಿಡದಂಗ ಆಗ್ಯಾವ. ಉಪ್ಪು ಮೆಣಸಿನಕಾಯಿ ಇಳಿ ತಗದೀನಿ. ಬಾಜೂ ಮನಿ ಆಂಜನಮ್ಮ ನಿನ್ನ ಮಗಳು ಕುದುರಿ ಆಗ್ಯಾಳ ಅಂದಿದ್ಲು, ಆಕಿದೇ ನೆದರ. ಜಗಳಾಡಿ ಮಾತು ಬಿಟ್ಟೀನಿ. ಇವಳು ನೋಡಿದ್ರ ಮೈ ಭಾರ ಆಗ್ಯಾದ ಅಂತ ಒಂದ ರೊಟ್ಟಿ ತಿಂದು ಏಳ್ತಾಳ. ನೀವರೆ ಒಂದು ಮಾತು ಹೇಳ್ರಿ."

ಒಂದು ಮಾತು. ನಾಲಿಗೆಯ ತುದಿಯಲ್ಲೇ ಇತ್ತು.

"ಹೊಟ್ಟೆ ತುಂಬ ಊಟ ಮಾಡೋಕೆ ಹೇಳಿ" ಅಂದೆ. ಅವಳು ಕೈ ಮುಗಿದಳು. ದೃಷ್ಟಿ ಹಾಕಿದಳು ಅನ್ನಿಸಿಕೊಂಡ ಆಂಜನಮ್ಮ ಯಾರೋ ಏನೋ, ನನ್ನ ಪಾಪವನ್ನು ಆ ಹೆಂಗಸು ಹೊರುತ್ತಿದ್ದಾಳೆ. ಮೆಟ್ರೋದಲ್ಲಿ ನಾನಿಳಿಯುವ ಹಲಸೂರು ದಾಟಿದ್ದೇ ತಿಳಿಯಲಿಲ್ಲ, ಮುಂದಿನ ಸ್ಟೇಷನ್ನಿನಲ್ಲಿ ಇಳಿದು ವಾಪಸ್ ಬಂದೆ.

ಜನವರಿ 27, ಮಂಗಳವಾರ

ಇವತ್ತು ನಾನೇ ಓಡಿಸಿದೆ. ಹೊಸ ಸ್ಟಾಪ್‌ವಾಚ್ ಕೊಂಡಿದ್ದೇನೆ. ಒತ್ತಿದ್ದು ಎರಡು ಸಲ ನೋಡಿಕೊಂಡೆ.

2.17.

ಮೂರು ವಾರದಲ್ಲಿ ಏಳು ಸೆಕೆಂಡ್ ಇಳಿಸಿದ್ದಾಳೆ. ಗ್ರೌಂಡಿಲ್ಲ, ಶೂ ಇಲ್ಲ, ಹೊಟ್ಟೆಗೆ ಸರಿಯಾಗಿಲ್ಲ. ನನ್ನ ಇಡೀ ಸರ್ವಿಸಿನಲ್ಲಿ ಇಂಥ ಮಗುವನ್ನು ಕಂಡಿಲ್ಲ. ಎತ್ತಿ ಕುಣಿಸಬೇಕಾಗಿತ್ತು.

ಅವಳು ವಾಚ್ ನೋಡಿ ರಸ್ತೆಯ ಅಂಚಿನಲ್ಲಿ ಕೂತು ಅತ್ತಳು. ನಾನು ಪಕ್ಕದಲ್ಲಿ ನಿಂತಿದ್ದೆ. ಶಭಾಷ್ ಅನ್ನಲು ಬಾಯಿಲ್ಲ. ಅಂದರೆ ಯಾಕೆ ಅಂತ ಕೇಳುತ್ತಾಳೆ.

ಫೆಬ್ರವರಿ 6, ಶುಕ್ರವಾರ

ಪರೀಕ್ಷೆ ಮುಗಿಯಿತು.

ಅಯ್ಯಮ್ಮ 2.13. ಎಲ್ಲರಿಗಿಂತ ಮುಂದೆ. ಗೆರೆ ದಾಟಿ ಕಾಂಪೌಂಡ್ ಹಿಡಿದು ವಾಂತಿ ಮಾಡಿಕೊಂಡಳು. ಪರೀಕ್ಷಕರು ನನ್ನ ಕಡೆ ತಿರುಗಿ, "ಒಂದು ಐವತ್ತೆಂಟು ಅಂದಿದ್ರಲ್ಲಾ ಸರ್?" ಅಂದರು.

"ಆ ದಿನ ಓಡಿದ್ಲು ಸರ್. ಇವತ್ತು ಯಾಕೋ..."

ಹೌದು, ಹಾಗೇ ಅಂದೆ. ಈ ಬಾಯಲ್ಲೇ. ಸೀಟು ಹೋಯಿತು.

ಮಧ್ಯಾಹ್ನ ಅಯ್ಯಮ್ಮ ಸ್ಟಾಫ್ ರೂಮಿಗೆ ಬಂದಳು. ಮುಖ ತೊಳೆದುಕೊಂಡು ಬಂದಿದ್ದಳು. "ಎಲ್ಲಾರ ಮುಂದ ನಿಮ್ಮ ಹೆಸರು ಕೆಡಿಸಿದೆ ಸರ್. ತಪ್ಪಾತ್ರಿ."

"ಹೋಗ್ಲಿ ಬಿಡಮ್ಮ" ಅಂದೆ.

ಕ್ಷಮಿಸಿದೆ. ನಾನು ಅವಳನ್ನು ಕ್ಷಮಿಸಿದೆ! ಥೂ, ನನ್ನ ಜನ್ಮಕ್ಕಿಷ್ಟು.

ಫೆಬ್ರವರಿ 7, ಶನಿವಾರ

ಮೇಡಂಗೆ ಎಲ್ಲ ಹೇಳಿದೆ. "ಈಗ್ಯಾಕೆ ಸರ್, ಮುಗೀತಲ್ಲ. ಗ್ರೇಡ್ ಹೇಗೂ ಎ ಪ್ಲಸ್" ಅಂದರು. ಕಾಲೇಜಿನವರಿಗೆ ಫೋನ್ ಮಾಡಿದೆ. ಎರಡು ಹದಿಮೂರೂ ಒಳ್ಳೆಯ ಟೈಮೇ, ಆದರೆ ಆ ಒಂದು ಸೀಟು ನಿನ್ನೆಯೇ ಬೇರೆ ಶಾಲೆಯ ಹುಡುಗಿಗೆ ಕೊಟ್ಟಾಯಿತಂತೆ. ಮುಂದಿನ ವರ್ಷ ನೋಡೋಣ ಅಂದರು.

ನಾಳೆ ಅವರ ಮನೆಗೆ ಹೋಗುತ್ತೇನೆ. ಹೋಗದಿದ್ದರೆ ಈ ಪುಸ್ತಕ ಮುಟ್ಟುವುದಿಲ್ಲ.

ಫೆಬ್ರವರಿ 8, ಭಾನುವಾರ

ಹೋದೆ. ಕೆ.ಆರ್. ಪುರ ಮಾರ್ಕೆಟ್ಟಿನ ಹಿಂದೆ, ಒಂದೇ ರೂಮು. ಪೀರಪ್ಪ ಕೆಲಸಕ್ಕೆ ಹೋಗಿದ್ದ. ಜಟ್ಟೆಮ್ಮ ಚಾಪೆ ಕೊಡವಿ ಹಾಸಿದಳು, ಮಂಡಕ್ಕಿ ಒಗ್ಗರಣೆ ಕೊಟ್ಟಳು. ಮುಟ್ಟಲಿಲ್ಲ. ಮೊದಲು ಹೇಳಿಬಿಟ್ಟೆ. ಕ್ಯಾಮೆರಾ, ಸುಳ್ಳು ನಂಬರು, ಚಳಿಗಾಲದ ಕತೆ, ಪರೀಕ್ಷಕರಿಗೆ ಹೇಳಿದ್ದು — ಎಲ್ಲ.

ಜಟ್ಟೆಮ್ಮ ಬಾಯಿಗೆ ಸೆರಗು ಹಿಡಿದಳು. "ಯವ್ವಾ... ಆಂಜನಮ್ಮಗ ಏನೇನು ಅಂದೀನಲ್ಲ ನಾ." ನನ್ನನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಎದ್ದು ಪಕ್ಕದ ಮನೆಗೆ ಹೋದಳು.

ಅಯ್ಯಮ್ಮ ಅಳಲಿಲ್ಲ. ಬೆರಳು ಮಡಚಿ ಲೆಕ್ಕ ಹಾಕಿದಳು. "ಇಪ್ಪತ್ನಾಕು, ಹದಿನೇಳು, ಹದಿಮೂರು. ಅಂದ್ರ ನಾ ಹಿಂದ ಬಿದ್ದಿಲ್ಲ ಸರ್? ಮುಂದನ ಬಂದೀನಿ?"

"ಮುಂದೇನೇ ಬಂದಿದ್ದೀಯಮ್ಮ. ತುಂಬಾ."

ಮುಖ ಅರಳಿತು. ಆಮೇಲೆ ಕೇಳಿದಳು —

"ಹಂಗಾದ್ರ ಅವತ್ತು ಖರೇನ ಎಷ್ಟ್ರಾಗ ಬಂದಿದ್ದೆ ಸರ್? ಅವತ್ತು ಭಾಳ ಜೋರ್ ಓಡಿದ್ದೆ. ಅಷ್ಟು ಜೋರ್ ಮತ್ತ ಯಾವತ್ತೂ ಓಡಿಲ್ರಿ."

ನಾನು ಮೊಬೈಲ್ ತೆಗೆದು ಅವರೆಲ್ಲ ಓಟ ಕಿತ್ತ ಆ ಫೋಟೋ ತೋರಿಸಿ, "ಗೊತ್ತಿಲ್ಲಮ್ಮ, ಆ ದಿನದ್ದು ನನ್ನ ಹತ್ತಿರ ಇರೋದು ಇದೊಂದೇ" ಅಂದೆ.