ಹತ್ತನೇ ಕ್ಲಾಸಿನ ಬಾಗಿಲು

ಮಾರ್ಚ್ 3, ಸೋಮವಾರ

ಇವತ್ತೂ ಗಣಿತದ ಮೇಡಂ ಕ್ಲಾಸಿನ ಬಾಗಿಲು ಹಾಕಿದ್ದೇ ತಡ, ನನ್ನ ಗೆಳತಿ ಗುಬ್ಬಿ ಎದ್ದು ಓಡಿದಳು. ಹಿಂದೆಯೇ ಹೋದೆ. ನಲ್ಲಿಯ ಹತ್ತಿರ ಕುಕ್ಕರುಗಾಲಲ್ಲಿ ಕೂತು ಬೆವರುತ್ತಿದ್ದಳು.

"ಉಸಿರು ಬರ್ತಿಲ್ಲ ಕಣೇ."

ಮುಖಕ್ಕೆ ನೀರು ಹಾಕಿದೆ. ಯುದ್ಧ ನಿಂತು ಒಂದು ಚಳಿಗಾಲ ಕಳೆಯಿತು. ಶಾಲೆಯ ಕಿಟಕಿಗಳಿಗೆ ಗಾಜು ಬಂದಿದೆ, ಗೋಡೆಯ ತೂತುಗಳಿಗೆ ಸಿಮೆಂಟು ಮೆತ್ತಿ ಬಣ್ಣ ಬಳಿದಿದ್ದಾರೆ. ನಾವೂ ರಿಪೇರಿ ಆದೆವು ಅಂತ ದೊಡ್ಡವರು ಅಂದುಕೊಂಡಿದ್ದಾರೆ.

ಮಾರ್ಚ್ 4, ಮಂಗಳವಾರ

ಅಸೆಂಬ್ಲಿಯಲ್ಲಿ ಹೆಡ್‌ಮಾಸ್ಟರ್ ಹೇಳಿದರು — ಫೈನಲ್ ಪರೀಕ್ಷೆಯಲ್ಲಿ ಹಾಲಿನ ಬಾಗಿಲು ಮುಚ್ಚಿರುತ್ತದೆ, ಎದ್ದು ಹೋದವರು ಫೇಲ್. "ಕೂರೋಕಾಗದವರು ಮುಂದಿನ ವರ್ಷ ಬರೀಲಿ."

ಎಲ್ಲರೂ ಗುಬ್ಬಿಯನ್ನೇ ನೋಡಿದರು. ಅವಳೊಬ್ಬಳೇ ಏನಲ್ಲ. ಹಿಂದಿನ ಬೆಂಚಿನ ಜಿರಾಫೆ ಟೆಸ್ಟಿನಲ್ಲಿ ಪೆನ್ನು ಕಚ್ಚಿ ಕಚ್ಚಿ ಪುಡಿ ಮಾಡುತ್ತಾನೆ. ಬಾಗಿಲು ಹಾಕಿದರೆ ನನಗೂ ಬೆವರಿ ಕೈ ಒದ್ದೆ. ಅಮ್ಮನಿಗೆ ಹೇಳಿಲ್ಲ.

ಮಾರ್ಚ್ 6

ಬರೆದೇ ಬಿಡುತ್ತೇನೆ. ಬಾಂಬ್ ಬಿದ್ದ ದಿನ ಮೆಟ್ಟಿಲು ಕುಸಿದು ನಮ್ಮ ನೆಲಮಾಳಿಗೆಯ ಬಾಗಿಲು ಜಾಮ್ ಆಯಿತು. ಒಳಗೆ ನಾವು, ಗುಬ್ಬಿಯ ಮನೆಯವರು. ಅವಳ ಅಜ್ಜಿ ನೀರು ತರಲು ಹೋಗಿದ್ದವರು ಆಚೆಯೇ ಉಳಿದರು. ಅವರು ಆ ಕಡೆಯಿಂದ ಬಡಿದರು, ನಾವು ಈ ಕಡೆಯಿಂದ. ಆಮೇಲೆ ನಾವು ಮಾತ್ರ ಬಡಿಯುತ್ತಿದ್ದೆವು...

ಮಾರ್ಚ್ 7, ಶುಕ್ರವಾರ

ಅಣ್ಣ ಬಸ್ ಗ್ಯಾರೇಜಿನಲ್ಲಿ ಮೆಕ್ಯಾನಿಕ್. ಅವನ ದೊಡ್ಡ ಸ್ಕ್ರೂಡ್ರೈವರ್ ಕೇಳಿದೆ.

"ಯಾಕೆ?"

"ಕೆಲಸ ಇದೆ."

"ಹಾಳು ಮಾಡಿದ್ರೆ ಜಡೆ ಕತ್ತರಿಸ್ತೀನಿ."

ಊಟದ ಬಿಡುವಿನಲ್ಲಿ ಜಿರಾಫೆ ನಮ್ಮ ಕ್ಲಾಸಿನ ಬಾಗಿಲು ಹಿಡಿದುಕೊಂಡ. ನಾನು ಕೆಳಗಿನ ಸ್ಕ್ರೂ ಬಿಚ್ಚಿದೆ. ಮೇಲಿನವು ನನಗೆ ಎಟುಕಲಿಲ್ಲ. ಗುಬ್ಬಿ ಕುರ್ಚಿ ಎಳೆದು ಹತ್ತಿದಳು. "ಕೊಡಿಲ್ಲಿ." ತುಕ್ಕು ಹಿಡಿದ ಸ್ಕ್ರೂ, ಆದರೂ ಬಿಚ್ಚಿದಳು.

ಬಾಗಿಲನ್ನು ಮೈದಾನಕ್ಕೆ ಹೊತ್ತು ತಂದು ಕಲ್ಲುಗಳ ಮೇಲಿಟ್ಟೆವು. ಅರ್ಧ ಕ್ಲಾಸು ಅದರ ಮೇಲೆ ಕೂತು ಊಟ ಮಾಡಿತು!

ಮಾರ್ಚ್ 10

ಅಮ್ಮನನ್ನು ಕರೆಸಿದರು. ಆಸ್ಪತ್ರೆಯಿಂದ ನರ್ಸ್ ಯೂನಿಫಾರ್ಮಿನಲ್ಲೇ ಬಂದಳು. ವರಾಂಡದ ಉದ್ದಕ್ಕೂ ಸಹಸ್ರನಾಮ — ಮಾನ ಕಳೆದೆ, ಮರ್ಯಾದೆ ಕಳೆದೆ.

ಹೆಡ್‌ಮಾಸ್ಟರ್: "ಕ್ಷಮೆ ಕೇಳಿ ಬಾಗಿಲು ವಾಪಸ್ ಹಾಕ್ಲಿ. ಇಲ್ದಿದ್ರೆ ಪರೀಕ್ಷೆಗೆ ಕೂರಿಸಲ್ಲ."

"ಕೇಳಲ್ಲ ಸರ್."

ಅಮ್ಮ ತೋಳು ಚಿವುಟಿದಳು. ನಾನು ನಿಲ್ಲಿಸಲಿಲ್ಲ. "ನಿಮ್ಮ ರೂಮಿನ ಬಾಗಿಲು ಯಾಕೆ ಸರ್ ಯಾವಾಗ್ಲೂ ತೆಗ್ದಿರುತ್ತೆ? ಮುಚ್ಚಬಾರ್ದು ಅಂತ ಇಟ್ಟಿಗೆ ಬೇರೆ ಇಟ್ಟಿದೀರಿ."

ಹೆಡ್‌ಮಾಸ್ಟರ್ ಕನ್ನಡಕ ತೆಗೆದು ಒರೆಸುತ್ತಾ ಕೂತರು.

ಅಮ್ಮನ ಕೈ ಸಡಿಲವಾಯಿತು. "ವಾರ್ಡಿನಲ್ಲಿ ನಾನೂ ಬಾಗಿಲು ಹಾಕಲ್ಲ ಸರ್. ಇವಳಿಗೆ ಹೇಳಿಲ್ಲ ಅಷ್ಟೇ."

"ಹೋಗಿ. ಯೋಚನೆ ಮಾಡ್ತೀನಿ."

ದಾರಿಯಲ್ಲಿ ಅಮ್ಮ ಬೈಯಲಿಲ್ಲ. ಮನೆಯವರೆಗೂ ನನ್ನ ಕೈ ಹಿಡಿದೇ ಇದ್ದಳು, ನಾನೇನೋ ನರ್ಸರಿ ಮಗು ಅನ್ನುವ ಹಾಗೆ.

ಮಾರ್ಚ್ 24, ಸಂಜೆ

ಗಣಿತದ ಪರೀಕ್ಷೆ ಮುಗಿಯಿತು. ಕ್ಷಮೆ ಕೇಳದಿದ್ದರೂ ಹೆಡ್‌ಮಾಸ್ಟರ್ ನನ್ನನ್ನು ಕೂರಿಸಿದರು. ಬೇರೆ ಶಾಲೆಯಿಂದ ಬಂದ ಮೇಡಂ ಪ್ರಶ್ನೆಪತ್ರಿಕೆ ಹಂಚಿ ಹಾಲಿನ ಬಾಗಿಲು ಮುಚ್ಚಲು ಹೋದರು. ನಾನು ಏಳುವ ಮೊದಲೇ ಗುಬ್ಬಿ ಎದ್ದಳು.

"ತೆಗ್ದಿರ್ಲಿ ಮೇಡಂ."

"ಕೂತ್ಕೋ. ರೂಲ್ಸು."

ಕೂರಲಿಲ್ಲ. ನಾನು ಎದ್ದೆ. ಜಿರಾಫೆ ಎದ್ದ. ಆಮೇಲೆ ಸಾಲು ಸಾಲೇ. ಪ್ರಶ್ನೆಪತ್ರಿಕೆ ಹಾಗೇ ಬಿದ್ದಿತ್ತು, ಯಾರೂ ಮುಟ್ಟಲಿಲ್ಲ. ಗದ್ದಲಕ್ಕೆ ಹೆಡ್‌ಮಾಸ್ಟರ್ ಬಂದರು. ನಮ್ಮನ್ನೆಲ್ಲ ನೋಡಿದರು. ಬೈಯುತ್ತಾರೆ ಅಂದುಕೊಂಡೆ.

"ತೆಗ್ದೇ ಇರ್ಲಿ ಮೇಡಂ. ಜವಾಬ್ದಾರಿ ನಂದು. ಎದ್ದು ಹೋದವರು ವಾಪಸ್ ಬಂದು ಬರೀಬಹುದು."

ಬರೆದೆವು. ಮಧ್ಯದಲ್ಲಿ ಮೇಲೆ ವಿಮಾನ ಹೋಯಿತು. ಕೈ ಒದ್ದೆಯಾಯಿತು. ಲಂಗಕ್ಕೆ ಒರೆಸಿಕೊಂಡು ಮುಂದಿನ ಲೆಕ್ಕಕ್ಕೆ ಹೋದೆ. ಗುಬ್ಬಿ ಎದ್ದು ಹೊರಗೆ ಹೊರಟಳು. ಹಿಂದೆ ಹೋಗಲೇ ಅಂತ ಅರ್ಧ ಎದ್ದೆ. ಬೇಡ ಅಂತ ಕೈಯಲ್ಲೇ ಸನ್ನೆ ಮಾಡಿದಳು. ಕಾದೆ. ಒಂದು ಅಕ್ಷರವೂ ಬರೆಯಲಾಗಲಿಲ್ಲ.

ಆಮೇಲೆ ವಾಪಸ್ ಬಂದಳು, ಒಬ್ಬಳೇ. ನನ್ನ ಬೆಂಚು ದಾಟುವಾಗ ಮೆಲ್ಲಗೆ ಅಂದಳು, "ಏನ್ ನೋಡ್ತಿದೀಯ, ಬರಿಯೇ—"