ತುಂಬಿದ ಬಟ್ಟಲು

ನರಿನ್,
ಅಕ್ಟೋಬರ್ ೯

ಪ್ರೀತಿಯ ಅತ್ತೆ,

ಹಸು, ಚಳಿ, ಒಣಹುಲ್ಲು ಎಂದು ಬರೆದು ಪತ್ರ ಮುಗಿಸಿಬಿಡೋಣ ಎಂದೇ ಕೂತಿದ್ದೆ. ಆದರೆ ನೀವು ಒಂದು ಮಾತೂ ಆಡದೆ ಚೀಲ ಕಟ್ಟಿಕೊಂಡು ತಲಾಸ್‌ಗೆ, ಮಗಳ ಮನೆಗೆ ಹೋದದ್ದೇಕೆಂದು ನನಗೆ ನಿನ್ನೆ ತಿಳಿಯಿತು. ಅದೂ ಪಠ್ಯಪುಸ್ತಕ ಸಮಿತಿಯ ಸಭೆಯಲ್ಲಿ, ಎಲ್ಲರ ಎದುರು.

ಮೊದಲು ನಿಮ್ಮ ಮಂಡಿನೋವು ಹೇಗಿದೆ ಹೇಳಿ. ಕುರಿಕೊಬ್ಬು ಸವರುತ್ತಿದ್ದೀರಾ? ಫೋನ್ ಮಾಡಿದಾಗಲೆಲ್ಲ ಸೋನುನ್ ‘ಅಮ್ಮ ಮಲಗಿದ್ದಾಳೆ’ ಎನ್ನುತ್ತಾಳೆ. ನೀವು ಹಗಲು ಮಲಗಿದ್ದನ್ನು ನಾನಂತೂ ಕಂಡಿಲ್ಲ.

ಎರಡನೆಯ ತರಗತಿಯ ಪುಸ್ತಕದಲ್ಲಿ ಅಮ್ಮ ಚಹಾ ಬಗ್ಗಿಸುತ್ತಾಳೆ, ಅಪ್ಪ ಪತ್ರಿಕೆ ಓದುತ್ತಾನೆ. ನಾನು ಕಲಿತ ಪೇಟೆಯ ರಷ್ಯನ್ ಶಾಲೆಯ ಪುಸ್ತಕದಲ್ಲೂ ಅವನು ಓದುತ್ತಲೇ ಇದ್ದ. ಇಷ್ಟು ವರ್ಷವಾದರೂ ಆ ಪತ್ರಿಕೆ ಮುಗಿದಿಲ್ಲ. ಅದಕ್ಕೇ ಹೊಸ ಪಾಠ ಬರೆದೆ: ಅಮ್ಮ ಕಾರು ರಿಪೇರಿ ಮಾಡುತ್ತಾಳೆ, ಅಪ್ಪ ಅಜ್ಜಿಗೆ ಚಹಾ ಕೊಡುತ್ತಾನೆ. ಚಿತ್ರಗಾರ ಮೆಲಿಸ್ ನಮ್ಮ ಮನೆಗೇ ಬಂದು ನೋಡಿ ಬರೆದುಕೊಂಡ ದಿನ ನಿಮಗೆ ನೆನಪಿರಬೇಕು. ನಾನು ಅಂಗಳದಲ್ಲಿ ಸ್ಪ್ಯಾನರ್ ಹಿಡಿದು, ಕಾರಿನ ಯಾವ ಭಾಗವನ್ನು ನೋಡಬೇಕೆಂದು ತಿಳಿಯದೆ, ಗಂಭೀರವಾಗಿ ಬ್ಯಾಟರಿಯನ್ನೇ ದಿಟ್ಟಿಸುತ್ತಿದ್ದೆ. ಒಳಗೆ, ಅಜ್ಜಿಯಾಗಿ ಕೂತ ನಿಮ್ಮೆದುರು, ನಿಮ್ಮ ಮಗ ಚಹಾ ಕಾಯಿಸುವ ಸಮೋವಾರಿನ ಮುಂದೆ ಕೂತು ಏನು ಮಾಡಿದನೆಂದು ನೋಡಲಿಲ್ಲ.

ಗಂಡಸು ಚಹಾ ಬಗ್ಗಿಸುವುದೇ ಎಂದು ಜಗಳ ಎದ್ದೀತು ಎಂದುಕೊಂಡು ಸಭೆಗೆ ಎರಡು ಪುಟ ಉತ್ತರ ಬರೆದೊಯ್ದಿದ್ದೆ. ಹಳೆಯ ಹೆಡ್‌ಮಾಸ್ಟರ್ ಸದಿರ್ ಕನ್ನಡಕ ಏರಿಸಿ ಚಿತ್ರವನ್ನೇ ನೋಡುತ್ತ ಕೂತರು. “ಗಂಡಸು ಚಹಾ ಕೊಡ್ಲಿ ಕಣಮ್ಮ, ನನ್ನದೇನೂ ತಕರಾರಿಲ್ಲ. ಆದ್ರೆ ಇವ್ನು ಹೆತ್ತ ತಾಯೀನೇ ಎದ್ದು ಹೋಗು ಅಂತಿದ್ದಾನಲ್ಲ?”

ಚಿತ್ರದಲ್ಲಿ ಚಹಾದ ಬಟ್ಟಲು ಅಂಚಿನವರೆಗೆ ತುಂಬಿತ್ತು. ಮೆಲಿಸ್ ಕಂಡದ್ದನ್ನು ಕಂಡಂತೆ ಬರೆಯುವವನು. ನಿಮ್ಮ ಮುಖವನ್ನೂ ಹಾಗೆಯೇ ಬರೆದಿದ್ದ. ಅರ್ಧ ಬಟ್ಟಲು ಕೊಟ್ಟರೆ ಇನ್ನೂ ಕೂತಿರಿ ಎಂದು, ತುಂಬಿ ಕೊಟ್ಟರೆ ಕುಡಿದು ಹೊರಡಿ ಎಂದು ನಮ್ಮ ಹುಡುಗಿಯರಿಗೆಲ್ಲ ಗೊತ್ತು. ಹುಡುಗರಿಗೆ ಯಾರು ಹೇಳಿಕೊಟ್ಟಿದ್ದಾರೆ? ಸಮಾನತೆಯ ಪಾಠ ಬರೆದ ನಾನೇ ಗಂಡನಿಗೆ ಹೇಳಿಕೊಡಲಿಲ್ಲ.

ಮನೆಗೆ ಬಂದು ಕೇಳಿದೆ: ಇಷ್ಟು ವರ್ಷ ಅರ್ಧ ಬಟ್ಟಲೇ ಕುಡಿದಿದ್ದೀಯಲ್ಲ, ಯಾಕೆ ಅಂತ ಒಮ್ಮೆಯೂ ಅನ್ನಿಸಲಿಲ್ಲವಾ? ತಾಲಾಯ್, “ನೀನು ಸ್ವಲ್ಪ ಜಿಪುಣಿ ಅಂದ್ಕೊಂಡಿದ್ದೆ” ಎಂದ.

ಸಮಿತಿ ಹೊಸ ಚಿತ್ರ ಕೇಳಿದೆ. ಈ ತಿಂಗಳೊಳಗೆ ಕೊಡದಿದ್ದರೆ ಪತ್ರಿಕೆ ಓದುವ ಅಪ್ಪನೇ ಮತ್ತೆ ಬರುತ್ತಾನೆ.

ಸೋನುನ್‌ಗೆ ನನ್ನ ನೆನಪು ಹೇಳಿ. ಅವಳ ಮಗುವಿನ ಹಣೆಗೊಂದು ಮುತ್ತು.

ನಿಮ್ಮ ಸೊಸೆ,
ಬುರುಲ್

ಮರೆತೆ: ತುಂಬಿ ಕೊಟ್ಟದ್ದೇಕೆಂದು ಕೇಳಿದ್ದಕ್ಕೆ ನಿಮ್ಮ ಮಗ ತಲೆ ತಗ್ಗಿಸಿ, “ಅಮ್ಮಂಗೆ ಎಲ್ಲರಿಗಿಂತ ಜಾಸ್ತಿ ಕೊಡೋಣ ಅಂತ” ಎಂದ. ಈಗ ಪಕ್ಕದ ಮನೆಯವರನ್ನು ಕೂರಿಸಿ ಅರ್ಧ ಬಟ್ಟಲು ಅಭ್ಯಾಸ ಮಾಡುತ್ತಿದ್ದಾನೆ. ಅವರು ಎದ್ದು ಹೋಗುತ್ತಲೇ ಇಲ್ಲ. ಮೆಲಿಸ್ ಇಪ್ಪತ್ತೈದಕ್ಕೆ ಬರುತ್ತಾನೆ. ನಿಮ್ಮ ಜಾಗದಲ್ಲಿ ಬೇರೆ ಅಜ್ಜಿಯನ್ನು ಕೂರಿಸಲು ತಾಲಾಯ್ ಒಪ್ಪುವುದಿಲ್ಲ, ನಾನೂ ಒಪ್ಪುವುದಿಲ್ಲ. ಬನ್ನಿ. ಇದನ್ನು ನಾಳೆಯೇ ಅಂಚೆಗೆ ಹಾಕುತ್ತೇನೆ.