ಒಂಬತ್ತು ಜಾತಿಯ ಉಭಯವಾಸಿಗಳು ಮತ್ತು ನಮ್ಮ ಅತ್ತೆಯ ರೇಷನ್ ಕಾರ್ಡು

ಪಡಿತರ ಚೀಟಿಗಳಲ್ಲಿ ಹೆಸರು ಕೂಡಿಸುವ ಮತ್ತು ಕಳೆಯುವ ಅಧಿಕಾರವುಳ್ಳ ಮಾನ್ಯ ಅಧಿಕಾರಿಗಳೇ,

ನೀವು ನಮ್ಮ ಅತ್ತೆಯನ್ನು ಕಪ್ಪೆ ಎಂದು ತಿಳಿದು ರೇಷನ್ ಕಾರ್ಡಿನಿಂದ ತೆಗೆದುಹಾಕಿದ್ದೀರಿ. ತಪ್ಪಾಯಿತು, ಸರಿಯಾಗಿ ಹೇಳಬೇಕೆಂದರೆ, ನೀವು ಮೊದಲು ಕಪ್ಪೆಗಳನ್ನು ಮನುಷ್ಯರೆಂದು ತಿಳಿದಿರಿ, ಆಮೇಲೆ ಅದೇ ಸಾಲಿನಲ್ಲಿ ನಮ್ಮ ಅತ್ತೆಯನ್ನೂ ನಿಲ್ಲಿಸಿದಿರಿ, ಕೊನೆಗೆ ಎಲ್ಲರನ್ನೂ ಒಟ್ಟಿಗೇ ಅನರ್ಹಗೊಳಿಸಿದಿರಿ. ಅರ್ಜಿ ಕೊಟ್ಟು ಕೊಟ್ಟು ಸಾಕಾಗಿ ಈಗ ಪತ್ರಿಕೆಯ ಮೂಲಕ ಬರೆಯುತ್ತಿದ್ದೇನೆ. ಬರೆಯುವಾಗ ನಡುನಡುವೆ ನಗು ತಡೆಯಲಾರದೆ ಪೆನ್ನು ಕೆಳಗಿಡುತ್ತಿದ್ದೇನೆ, ಅದಕ್ಕೆ ಕ್ಷಮೆ ಇರಲಿ. ಸಿಟ್ಟು ಇಲ್ಲವೆಂದಲ್ಲ. ನಮ್ಮ ಮನೆಯವರಿಗೆ ಸಿಟ್ಟು ಬಂದರೂ ಮೊದಲು ನಗುವೇ ಬರುತ್ತದೆ.

ನಮ್ಮದು ಹಾವೇರಿಗೂ ಬ್ಯಾಡಗಿಗೂ ನಡುವಿನ ಒಂದು ಊರು. ಹೆಸರು ಬರೆದರೆ ಊರನ್ನೇ ಹೊಡೆದುಹಾಕೀರಿ ಎಂಬ ಹೆದರಿಕೆಯಿಂದ ಬರೆದಿಲ್ಲ. ಮೆಣಸಿನಕಾಯಿ, ಗೋವಿನಜೋಳ ಬೆಳೆಯುವ ಹೊಲ, ಹೊಲದ ನಡುವೆ ಮಳೆನೀರು ನಿಲ್ಲುವ ಒಂದು ತಗ್ಗು, ತಗ್ಗಿನ ದಂಡೆಗೆ ಒಂದು ಗುಡಿಸಲು. ನಮ್ಮ ಅತ್ತೆ ಗದಿಗೆವ್ವ ಬೇಸಿಗೆಯಲ್ಲಿ ಊರ ಮನೆಯಲ್ಲಿರುತ್ತಾಳೆ. ಮಳೆ ಹಿಡಿಯಿತೆಂದರೆ ಹಾಸಿಗೆ ಸುತ್ತಿಕೊಂಡು ಗುಡಿಸಲಿಗೆ ಹೋಗಿಬಿಡುತ್ತಾಳೆ. ಯಾಕೆಂದು ಕೇಳಿದರೆ ಬೆಳೆ ಕಾಯಲಿಕ್ಕೆ ಎನ್ನುತ್ತಾಳೆ. ಬೆಳೆಗಿಂತ ಹೆಚ್ಚಾಗಿ ಸೊಸೆಯ ಅಡುಗೆಯಿಂದ ತಪ್ಪಿಸಿಕೊಳ್ಳಲಿಕ್ಕೆ ಎಂಬುದು ಊರಿಗೇ ಗೊತ್ತು, ನನಗೂ ಗೊತ್ತು.

ಹೋದ ಮುಂಗಾರಿನಲ್ಲಿ ಕಾಲೇಜೊಂದರ ಪ್ರಾಣಿಶಾಸ್ತ್ರದ ಅಧ್ಯಾಪಕಿ ನಿರ್ಮಲಾ ಮೇಡಂ ತಮ್ಮ ವಿದ್ಯಾರ್ಥಿಗಳ ತಂಡ ಕಟ್ಟಿಕೊಂಡು ನಮ್ಮೂರಿಗೆ ಬಂದರು. ಹೊಲದಲ್ಲಿ ಎಷ್ಟು ತರಹದ ಕಪ್ಪೆ, ಹಾವು, ಓತಿಕ್ಯಾತಗಳಿವೆ, ರಾಣೆಬೆನ್ನೂರಿನ ಕುರುಚಲು ಕಾಡಿನಲ್ಲಿ ಎಷ್ಟಿವೆ, ಎರಡನ್ನೂ ತೂಗಿ ನೋಡುವುದು ಅವರ ಕೆಲಸ. ನೆಲದ ಮೇಲೆ ಹಗ್ಗದಿಂದ ಚೌಕ ಹಾಕುತ್ತಾರೆ, ಚೌಕದೊಳಗಿನ ಕಲ್ಲು, ತರಗು, ಹೆಂಟೆ ಒಂದೊಂದನ್ನೇ ಮಗುಚಿ ನೋಡುತ್ತಾರೆ, ಕಂಡದ್ದನ್ನು ಬರೆದುಕೊಂಡು ಕಲ್ಲನ್ನು ಇದ್ದಲ್ಲಿಯೇ ಇಡುತ್ತಾರೆ. ಸರಕಾರದ ಕೆಲಸಗಳಲ್ಲಿ ಎತ್ತಿದ ಕಲ್ಲನ್ನು ಮತ್ತೆ ಇದ್ದಲ್ಲಿ ಇಟ್ಟದ್ದನ್ನು ನಾನಂತೂ ನೋಡಿಲ್ಲ, ಆದ್ದರಿಂದ ಬೆರಗಾಗಿ ನಿಂತೆ. ಅತ್ತೆಗಂತೂ ಹುಚ್ಚು ಹಿಡಿದಂತಾಯಿತು. ಸೀರೆಯ ಕಚ್ಚೆ ಬಿಗಿದು ಕೋಲು ಹಿಡಿದು ಅವರ ಹಿಂದೆಯೇ ನಡೆದಳು. ರಾಣೆಬೆನ್ನೂರಿನ ಕಾಡಿಗೂ ಜೀಪಿನಲ್ಲಿ ಹೋದಳು. ಅಲ್ಲಿ ಒಂದು ಓತಿಕ್ಯಾತ ಕಲ್ಲಿನ ಮೇಲೆ ಕುಳಿತು ಗಂಟಲಿನ ಕೆಳಗಿನ ನೀಲಿ ಬೀಸಣಿಗೆಯನ್ನು ಬಿಚ್ಚಿ ಮುಚ್ಚಿ ತೋರಿಸಿತಂತೆ. ಮನೆಗೆ ಬಂದವಳು ಸೆರಗು ಬಿಚ್ಚಿ ಮುಚ್ಚಿ ನಮಗೆಲ್ಲ ಅದನ್ನು ಮಾಡಿ ತೋರಿಸಿದಳು. ನೀರಿನಲ್ಲೂ ನೆಲದ ಮೇಲೂ ಬಾಳುವ ಕಪ್ಪೆಯಂಥವಕ್ಕೆ ಪುಸ್ತಕದಲ್ಲಿ ಉಭಯವಾಸಿ ಎನ್ನುತ್ತಾರೆಂದು ಮೇಡಂ ಹೇಳಿಕೊಟ್ಟದ್ದೇ ತಡ, ಅತ್ತೆಯ ಬಾಯಲ್ಲಿ ಊಟಕ್ಕೂ ಉಭಯವಾಸಿ, ನಿದ್ದೆಗೂ ಉಭಯವಾಸಿ.

ಈ ಒಂದು ಶಬ್ದವೇ ನಮ್ಮ ಪಾಲಿಗೆ ಶನಿಯಾಯಿತು. ತಂಡ ಬರುವ ಹಿಂದಿನ ದಿನವೇ ಮೇಡಂ ಕಳಿಸಿದ ಚೀಟಿಯನ್ನು ಓದಿಸಿಕೊಂಡು ಪಂಚಾಯತಿಯ ಜವಾನ ಹೊಳಿಯಪ್ಪ ಊರಲ್ಲಿ ಡಂಗುರ ಸಾರಿದ್ದ. ಚೀಟಿಯಲ್ಲಿದ್ದದ್ದು ‘ಉಭಯವಾಸಿ ಹಾಗೂ ಸರೀಸೃಪಗಳ ಸಮೀಕ್ಷೆ’ ಎಂದು. ಸರೀಸೃಪ ಎಂಬುದಕ್ಕೆ ಅವನ ನಾಲಿಗೆ ಹೊರಳಲಿಲ್ಲ, ಬಿಟ್ಟುಬಿಟ್ಟ. ನಾಳಿನಿಂದ ಊರಾಗ ಉಭಯವಾಸಿಗಳ ಸಮೀಕ್ಷೆ ಐತಿ, ಹೊಲ, ಮನಿ, ಹಿತ್ತಲ ಎಲ್ಲಾ ನೋಡ್ತಾರ, ಯಾರೂ ಅಡ್ಡಿ ಮಾಡಬ್ಯಾಡ್ರಿ ಎಂದು ಕೂಗಿಕೊಂಡು ಹೋದ. ಮಾನ್ಯರೇ, ಆ ಸಂಜೆ ನೀವು ನಮ್ಮೂರಲ್ಲಿರಬೇಕಿತ್ತು. ಎರಡು ಕಡೆ ವಾಸಿಸುವವರನ್ನು ಸರಕಾರ ಹಿಡಿಯಲು ಬರುತ್ತಿದೆ ಎಂದು ಸುದ್ದಿ ಹಬ್ಬಿತು. ಹಾವೇರಿಯಲ್ಲೊಂದು ಮನೆ, ಇಲ್ಲೊಂದು ಮನೆ ಇದ್ದವರು ಇಲ್ಲಿಯ ಮನೆಯ ಒಲೆಗೆ ಲಗುಬಗೆಯಿಂದ ಬೆಂಕಿ ಹಾಕಿ ಹೊಗೆ ಎಬ್ಬಿಸಿದರು. ಎರಡು ಕಾರ್ಡಿದ್ದವರು ಒಂದನ್ನು ಜೋಳದ ಚೀಲದೊಳಗೆ ತುರುಕಿದರು. ಎರಡು ಊರುಗಳಲ್ಲಿ ಎರಡು ಸಂಸಾರ ಇಟ್ಟ ವಿರೂಪಾಕ್ಷಪ್ಪನಂತೂ ಎರಡೂ ಊರು ಬಿಟ್ಟು ಮೂರನೆಯ ಊರಿಗೆ ಓಡಿಹೋದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಮರುದಿನ ಕಾಲೇಜು ಹುಡುಗಿಯರು ಕೆಸರಿನಲ್ಲಿ ಕುಕ್ಕರಗಾಲಲ್ಲಿ ಕುಳಿತು ಕಪ್ಪೆಯ ಬೆನ್ನು ನೋಡುವುದನ್ನು ಕಂಡು ಊರು ನಿಟ್ಟುಸಿರು ಬಿಟ್ಟಿತು. ವಿರೂಪಾಕ್ಷಪ್ಪನಿಗೆ ಮಾತ್ರ ಯಾರೂ ಹೇಳಿ ಕಳಿಸಲಿಲ್ಲ. ಅವನ ಇಬ್ಬರೂ ಹೆಂಡಂದಿರು ಬೇಡವೆಂದರಂತೆ.

ಊರಿಗೆ ತಿಳಿದದ್ದು ನಿಮ್ಮ ಕಚೇರಿಗೆ ತಿಳಿಯಲಿಲ್ಲ. ಡಂಗುರದ ಸುದ್ದಿ ಕೇಳಿ, ಬೇರೆ ಯಾವುದೋ ಇಲಾಖೆಯವರು ತಮಗಿಂತ ಮೊದಲೇ ಎರಡು ಕಾರ್ಡಿನವರನ್ನು ಹಿಡಿಯುತ್ತಿದ್ದಾರೆ ಎಂದು ನಿಮ್ಮವರಿಗೆ ಹೊಟ್ಟೆಕಿಚ್ಚಾಯಿತೋ ಏನೋ, ತನಿಖೆಗೆ ಒಬ್ಬರನ್ನು ಅಟ್ಟಿದಿರಿ. ಅವರು ನೇರ ನಮ್ಮ ಗುಡಿಸಲಿಗೆ ಬಂದು, ಈ ಕಡೆ ಉಭಯವಾಸಿಗಳು ಯಾರರ ಅದಾರೇನು ಎಂದು ಅತ್ತೆಯನ್ನು ಕೇಳಿದರು. ಸರಕಾರದವರೊಬ್ಬರು ತನ್ನ ಕಪ್ಪೆಗಳನ್ನು ವಿಚಾರಿಸಿಕೊಂಡು ಇಷ್ಟು ದೂರ ಬಂದರಲ್ಲ ಎಂದು ಅತ್ತೆ ಉಬ್ಬಿಹೋದಳು.

“ಯಾರರ ಏನ್ರಿ, ನಮ್ಮ ಹೊಲದಾಗನ ಒಂಬತ್ತ ಜಾತಿ ಅದಾವು. ಮಳಿಗಾಲದಾಗ ತಗ್ಗಿಗೆ ಬರತಾವು, ಬ್ಯಾಸಗ್ಯಾಗ ಮಣ್ಣಾಗ ಅಡಗತಾವು. ನಾನೂ ಉಭಯವಾಸಿನ ಅಲ್ಲೇನ್ರಿ ಮತ್ತ, ಮಳಿಗಾಲದಾಗ ಇಲ್ಲಿ, ಬ್ಯಾಸಗ್ಯಾಗ ಅಲ್ಲಿ.”

ಒಂಬತ್ತು ಜಾತಿ! ನಿಮ್ಮ ತನಿಖಾಧಿಕಾರಿಗಳ ಕಣ್ಣು ಎಷ್ಟು ಅಗಲವಾಗಿರಬೇಡ. ಒಂದೇ ಹೊಲದಲ್ಲಿ ಒಂಬತ್ತು ಜಾತಿಯ ಜನ, ಬೇಸಿಗೆಯಲ್ಲಿ ನೆಲದೊಳಗೆ ತಲೆಮರೆಸಿಕೊಂಡವರು! ಅತ್ತೆ ‘ಅದಾವು’ ಎಂದಳು, ‘ಅದಾರ’ ಎನ್ನಲಿಲ್ಲ. ಪರೀಕ್ಷೆ ಬರೆದು ನೌಕರಿ ಹಿಡಿದವರಿಗೆ ಅಷ್ಟು ವ್ಯಾಕರಣವಾದರೂ ತಿಳಿಯಬಾರದೇ? ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ ಎಂಬ ಗಾದೆಯನ್ನು ನಿಮ್ಮ ಕಚೇರಿಯ ಗೋಡೆಗೆ ಬರೆಸಲು ನಾನೇ ಬಣ್ಣ ಕೊಡಿಸುತ್ತೇನೆ. ಕೆಲವೇ ದಿನಗಳಲ್ಲಿ ನೋಟಿಸು ಬಂತು. ಸದರಿ ಗದಿಗೆವ್ವ ಒಂಬತ್ತು ಜಾತಿಗೆ ಸೇರಿದ ಉಭಯವಾಸಿಗಳಿಗೆ ಆಶ್ರಯ ನೀಡಿರುವುದಾಗಿಯೂ, ಸ್ವತಃ ಉಭಯವಾಸಿಯೆಂದು ಒಪ್ಪಿಕೊಂಡಿರುವುದಾಗಿಯೂ ವರದಿಯಾಗಿರುವುದರಿಂದ ಅವರ ಹೆಸರನ್ನು ಕಡಿಮೆ ಮಾಡಿ ಕಾರ್ಡನ್ನು ಹಿಂಪಡೆಯಲಾಗಿದೆ ಎಂದು.

ಮಾನ್ಯರೇ, ನಮ್ಮ ಭಾಗದಲ್ಲಿ ಕಾರ್ಡಿನಿಂದ ಹೆಸರು ಕಡಿಮೆ ಮಾಡುವುದು ಎರಡೇ ಸಂದರ್ಭದಲ್ಲಿ. ಮಗಳನ್ನು ಮದುವೆ ಮಾಡಿ ಕಳಿಸಿದಾಗ, ಇಲ್ಲವೇ ಯಾರಾದರೂ ಸತ್ತಾಗ. ಈ ವಯಸ್ಸಿನಲ್ಲಿ ನಮ್ಮ ಅತ್ತೆಗೆ ಮದುವೆಯಂತೂ ಆಗಿಲ್ಲ. ಆ ಕಾರ್ಡಿನ ಮೇಲೆ ಇದ್ದದ್ದು ಅವಳ ಜೀವಮಾನದ ಮೊದಲ ಫೋಟೋ. ಇಳಕಲ್ ಸೀರೆ ಉಟ್ಟು ಹೋಗಿದ್ದಳು. ಕಂಪ್ಯೂಟರಿನ ಹುಡುಗಿ ನಗಬ್ಯಾಡ್ರಿ ಎಂದದ್ದಕ್ಕೇ ನಕ್ಕುಬಿಟ್ಟಿದ್ದಳು. ಫೋಟೋದ ಕೆಳಗೆ ‘ಕುಟುಂಬದ ಯಜಮಾನಿ’ ಎಂದು ಅಚ್ಚಾಗಿತ್ತು. ಬಂದವರಿಗೆ ಚಹಾಕ್ಕಿಂತ ಮೊದಲು ಅದನ್ನು ತೋರಿಸುತ್ತಿದ್ದಳು. ಅಕ್ಕಿ, ಸೀಮೆಎಣ್ಣೆಯ ಮಾತು ಬಿಡಿ, ಅದಿಲ್ಲದೆಯೂ ನಮ್ಮ ಒಲೆ ಉರಿಯುತ್ತದೆ. ಕಾರ್ಡು ಹೋದ ದಿನ ಅವಳು ನನ್ನನ್ನು ಕೇಳಿದ್ದು ಒಂದೇ ಮಾತು, ಹಂಗಾರ ನಾ ಈಗ ಲೆಕ್ಕಕ್ಕ ಇಲ್ಲೇನವಾ ಎಂದು. ನಾನು ನಗಿಸಲು ನೋಡಿದೆ. ಅವಳು ನಗಲಿಲ್ಲ. ಮರುದಿನ ನಾನು ಮೊದಲ ಬಸ್ಸು ಹಿಡಿದೆ.

ನಿಮ್ಮ ಕಚೇರಿಗೆ ಬಂದು ಉಭಯವಾಸಿ ಎಂದರೆ ಕಪ್ಪೆ ಎಂದು ವಿವರಿಸಿದೆ. ಶಬ್ದಕೋಶ ನಮ್ಮ ಶಾಖೆಗೆ ಬರೂದಿಲ್ಲ ಎಂದರು. ಬೇಕಾದರೆ ಯಜಮಾನಿಯ ಜಾಗದಲ್ಲಿ ಸೊಸೆಯ ಫೋಟೋ ಹಾಕಿಕೊಡುತ್ತೇವೆ ಎಂದು ದೊಡ್ಡ ಮನಸ್ಸನ್ನೂ ತೋರಿಸಿದರು. ನಿರ್ಮಲಾ ಮೇಡಂ ಕಾಲೇಜಿನ ಮೊಹರು ಹಾಕಿ ಪತ್ರ ಕೊಟ್ಟರು. ಅದಕ್ಕೆ ನೀವು ಸಹಿ ಮಾಡಿದ ಉತ್ತರವನ್ನು ಓದುಗರೂ ಸವಿಯಲಿ: “ಸದರಿ ಕಪ್ಪೆಗಳು ಉಭಯವಾಸಿಗಳೆಂದು ದೃಢಪಟ್ಟಿರುತ್ತದೆ. ಸದರಿ ಗದಿಗೆವ್ವ ಕಪ್ಪೆಯಲ್ಲವೆಂಬುದಕ್ಕೆ ದಾಖಲೆ ಹಾಜರುಪಡಿಸಿರುವುದಿಲ್ಲ.” ಇದನ್ನು ಓದಿ ನಾನು ಬಸ್‌ಸ್ಟ್ಯಾಂಡಿನಲ್ಲಿ ಒಬ್ಬಳೇ ನಕ್ಕೆ, ಪಕ್ಕದ ಹೆಂಗಸು ಮಗುವನ್ನು ಎತ್ತಿಕೊಂಡು ದೂರ ಹೋಗಿ ಕುಳಿತಳು. ಅತ್ತೆ ಕಪ್ಪೆಯಲ್ಲ ಎಂದು ಯಾರಿಂದ ಬರೆಸಲಿ? ಸೊಸೆಯಿಂದ ಬರೆಸಿದರೆ ನಂಬುತ್ತೀರಾ?

ಕೊನೆಗೆ ಒಂದು ದಾರಿ ತೋರಿಸಿದಿರಿ. ಗುಡಿಸಲು ಕೀಳಬೇಕು, ತನ್ನ ಹೊಲದಲ್ಲಿ ಯಾವ ಉಭಯವಾಸಿಯೂ ಇಲ್ಲವೆಂದು ಬರೆದ ಕಾಗದಕ್ಕೆ ಗದಿಗೆವ್ವ ಹೆಬ್ಬೆಟ್ಟು ಒತ್ತಬೇಕು, ಹೆಸರು ತಾನಾಗಿ ವಾಪಸು ಬರುತ್ತದೆ. ನನ್ನ ಗಂಡ ಶಂಭುಲಿಂಗ ಶಾಯಿಯ ಡಬ್ಬಿಯನ್ನೂ ತಂದಿಟ್ಟು, ಒಂದ ಹೆಬ್ಬೆಟ್ಟಿನ ಮಾತು, ಒತ್ತಿಬಿಡಬೇ ಎಂದ. ಅತ್ತೆ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡಳು.

“ಇರೋ ನನ್ನ ಅವರು ಇಲ್ಲ ಅಂದ್ರು. ಇರೋ ಕಪ್ಪಿನ್ನ ನಾ ಇಲ್ಲ ಅನ್ನೂದಿಲ್ಲ.”

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಗುಡಿಸಲು ಇರುತ್ತದೆ, ತಗ್ಗೂ ಇರುತ್ತದೆ. ನೀವು ಖುದ್ದಾಗಿ ಒಂದು ಸಂಜೆ ನಮ್ಮ ಹೊಲಕ್ಕೆ ಬರಬೇಕು. ಮಳೆ ಬಂದರೆ ಕೊಡೆ ನಮ್ಮಲ್ಲಿದೆ, ರೊಟ್ಟಿ, ಬದನೆಕಾಯಿ ಪಲ್ಯ ನಾನು ಮಾಡುತ್ತೇನೆ, ಅಡುಗೆಯ ಬಗ್ಗೆ ಅತ್ತೆಯ ಮಾತು ನಂಬಬೇಡಿ. ಒಂಬತ್ತು ಜಾತಿಯವರನ್ನೂ ಒಬ್ಬೊಬ್ಬರನ್ನಾಗಿ ವಿಚಾರಣೆ ಮಾಡಿ. ಆಮೇಲೆ ಗದಿಗೆವ್ವನ ಎದುರಿಗೆ ನಿಂತು, ಅವಳು ಇದ್ದಾಳೆಂದು ನಿಮ್ಮ ಕೈಯಾರೆ ಬರೆದು, ಅದೇ ನಕ್ಕ ಫೋಟೋದ ಕಾರ್ಡನ್ನು ಅವಳಿಗೆ ವಾಪಸು ಕೊಡಬೇಕು.

ಕಾಲೇಜಿನವರ ಸಮೀಕ್ಷೆ ಮೊನ್ನೆ ಅಚ್ಚಾಗಿ ಬಂತು. ನಾನು ಅದನ್ನು ಅತ್ತೆಗೆ ಓದಿ ಹೇಳಿದೆ. ಪ್ರತಿಯೊಂದು ಕಪ್ಪೆಯ ಹೆಸರಿನ ಮುಂದೆ ಅದು ಎಲ್ಲಿ ವಾಸಿಸುತ್ತದೆ ಎಂದು ಬರೆದಿದ್ದಾರೆ. ನಮ್ಮ ಒಂಬತ್ತಕ್ಕೂ ಒಂದೇ ವಿಳಾಸ: ಗದಿಗೆವ್ವನ ಹೊಲ. ಮಾನ್ಯರೇ, ಈ ಜಿಲ್ಲೆಯಲ್ಲಿ ಇವತ್ತು ಕಪ್ಪೆಗಳಿಗೆ ವಿಳಾಸವಿದೆ, ಗದಿಗೆವ್ವನಿಗಿಲ್ಲ.

ಇಂತಿ,
ಕುಟುಂಬದ ಯಜಮಾನಿಯಾಗಲು ಸುತರಾಂ ಒಲ್ಲದ ಸೊಸೆ,
ಸುರೇಖಾ
ಅಕ್ಟೋಬರ್ ೨೦೦೭